ಜಾಗ ಯಾರದ್ದು ಎಂದು ಕಂಪ್ಯೂಟರನ್ನು ಕೇಳುವುದು ಹೇಗೆ?

(ಉಡುಪಿಯ ಕಡಿಯಾಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಪರಿಕಲ್ಪನೆ ಆಧಾರಿತ ದತ್ತಾಂಶ ಮಾದರಿ ಮತ್ತು ಪ್ರಶ್ನಾಭಾಷೆಗಳು’ ಎಂದು ಅಚ್ಚಾಗಿದೆ. ಅದನ್ನು ಓದಿಯೂ ಇಷ್ಟು ಜನ ಬಂದಿದ್ದೀರಿ ಎಂದರೆ ಅದು ದತ್ತಿಯ ಮೇಲಿನ ಗೌರವ. ವಿಷಯದ ಸೆಳೆತ ಅಂತೂ ಇರಲಾರದು. ಹಾಗಾಗಿ ನಿಮ್ಮೆಲ್ಲರ ಮನೆಯ ಕಪಾಟಿನಲ್ಲಿ ಇರುವ ಒಂದು ಕಾಗದವನ್ನೇ ಹಿಡಿದು ಮಾತಾಡುತ್ತೇನೆ. ಆರ್‌ಟಿಸಿ. ಜಾಗದ ಹಕ್ಕು, ಸಾಗುವಳಿಗಳ ದಾಖಲೆ ಅದು; ಘಟ್ಟದ ಮೇಲಿನವರು ಪಹಣಿ ಅನ್ನುತ್ತಾರೆ, ನಾವು ಆರ್‌ಟಿಸಿ ಅಂದೇ ರೂಢಿ.

ಆ ಕಾಗದ ಒಂದು ಸರ್ವೆ ನಂಬ್ರದ ಮೇಲೆ ಕೂತಿದೆ. ನಂಬ್ರ, ಹಿಸ್ಸೆ, ವಿಸ್ತೀರ್ಣ, ಖರಾಬು, ಕಂದಾಯ ಇವೆಲ್ಲ ಆದ ಮೇಲೆ ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, ಹತ್ತರಲ್ಲಿ ಅದು ಅವರಿಗೆ ಬಂದ ಬಗೆ, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣಗಳು, ಹನ್ನೆರಡರಲ್ಲಿ ಸಾಗುವಳಿಯ ವಿವರ. ಬ್ಯಾಂಕಿನವರು ಮೊದಲು ಹನ್ನೊಂದನ್ನು ನೋಡುತ್ತಾರೆ, ದಾಯಾದಿಗಳು ಒಂಬತ್ತನ್ನು. ಇಂಥ ನಂಬ್ರದ ಜಾಗ ಯಾರ ಹೆಸರಲ್ಲಿದೆ ಎಂದು ಕೇಳಿದರೆ ಈ ಕಾಗದ ತಕ್ಷಣ ಉತ್ತರ ಕೊಡುತ್ತದೆ. ಇಂಥವರಿಗೆ ಒಟ್ಟು ಎಷ್ಟು ಜಾಗವಿದೆ ಎಂದು ಕೇಳಿ ನೋಡಿ. ಕಾಗದಕ್ಕೆ ಗೊತ್ತಿಲ್ಲ. ಅದರ ಮಟ್ಟಿಗೆ ಮನುಷ್ಯ ಎಂದರೆ ಒಂದು ಕಾಲಂನಲ್ಲಿ ಬರೆದ ಅಕ್ಷರಗಳು. ಒಂದು ಆರ್‌ಟಿಸಿಯಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ ಎಂದಾದರೆ ಅದರ ಲೆಕ್ಕಕ್ಕೆ ಅವರು ಮೂರು ಜನ.

ನಾನು ಹೇಳಬೇಕೆಂದಿರುವುದು ಇಷ್ಟೇ. ದಾಖಲೆಯನ್ನು ಕಟ್ಟುವಾಗ ನಾವು ಯಾವುದನ್ನು ಒಂದು ‘ವಸ್ತು’ ಎಂದು ಒಪ್ಪಿಕೊಂಡೆವು ಎಂಬುದರ ಮೇಲೆ ಮುಂದೆ ನಾವು ಕೇಳಬಹುದಾದ ಪ್ರಶ್ನೆಗಳು ನಿಂತಿರುತ್ತವೆ. ಕರಾವಳಿಯ ಭೂಮಿಯ ವಿಷಯದಲ್ಲಿ ಜನ ಮಾತಾಡುವ ವಸ್ತುಗಳೇ ಬೇರೆ, ಫಾರಂನಲ್ಲಿ ಇರುವ ವಸ್ತುಗಳೇ ಬೇರೆ. ಕಂಪ್ಯೂಟರ್ ಬಂದಾಗ ನಾವು ಫಾರಂ ಅನ್ನು ಅದರೊಳಗೆ ಇಳಿಸಿದೆವು.

ಇದು ದೂರು ಎಂದು ತಿಳಿಯಬೇಡಿ. ‘ಭೂಮಿ’ ಯೋಜನೆ ಶತಮಾನ ತಿರುಗುವ ಹೊತ್ತಿಗೆ ಕರ್ನಾಟಕದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು. ಅಲ್ಲಿಯವರೆಗೆ ಆ ಪುಸ್ತಕಗಳು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಪುಸ್ತಕ ಇದ್ದವನ ಹತ್ತಿರ ಅಧಿಕಾರವೂ ಇತ್ತು. ಭೂಮಿ ಬಂದ ಮೇಲೆ ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ, ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕಾಯಿತು, ತಿದ್ದುವವರು ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕಾಯಿತು. ಆಗ ಯಾರಾದರೂ ಎದ್ದು ನಿಂತು ‘ತಡೆಯಿರಿ, ಮೊದಲು ಪರಿಕಲ್ಪನೆಗಳನ್ನು ವಿಮರ್ಶೆ ಮಾಡೋಣ’ ಎಂದಿದ್ದರೆ ಇವತ್ತಿಗೂ ಕೆಲಸ ಶುರುವಾಗುತ್ತಿರಲಿಲ್ಲ. ಇದ್ದ ಫಾರಂ ಅನ್ನು ಇದ್ದ ಹಾಗೆ ನಕಲು ಮಾಡಿದ್ದು ಸರಿಯಾದ ನಿರ್ಧಾರವೇ ಆಗಿತ್ತು. ಆದರೆ ಕಾಲು ಶತಮಾನ ಕಳೆದ ಮೇಲೂ ಅದನ್ನೇ ಮುಗಿದ ಕೆಲಸ ಎಂದುಕೊಳ್ಳುವುದು ಸರಿಯಲ್ಲ.

ಈಗ ಸ್ವಲ್ಪ ಹಿಂದಕ್ಕೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಒಂದು ಲೇಖನ ಬರೆದರು. ಎಲ್ಲ ಮಾಹಿತಿಯನ್ನೂ ಟೇಬಲ್‌ಗಳಲ್ಲಿ ಇಡಿ, ಸಾಲುಗಳಿಗೆ ಗುರುತಿನ ಕೀಲಿ ಕೊಡಿ, ಯಾವುದನ್ನು ಯಾವುದರೊಂದಿಗೆ ಸೇರಿಸಬೇಕು ಎಂಬುದನ್ನು ಪ್ರಶ್ನೆ ಕೇಳುವಾಗ ನಿರ್ಧರಿಸಿ ಎಂಬುದು ಅದರ ತಿರುಳು. ಅದಕ್ಕೆ ಮುಂಚೆ ಮಾಹಿತಿ ಡಿಸ್ಕಿನ ಮೇಲೆ ಎಲ್ಲಿದೆ, ಯಾವ ದಾರಿಯಲ್ಲಿ ಅಲ್ಲಿಗೆ ಹೋಗಬೇಕು ಎಂಬುದೆಲ್ಲ ಪ್ರೋಗ್ರಾಂ ಬರೆಯುವವನ ತಲೆಯಲ್ಲಿ ಇರಬೇಕಿತ್ತು. ಕಾಡ್ ಆ ಹೊರೆಯನ್ನು ಇಳಿಸಿದರು. 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಅದಕ್ಕೊಂದು ಭಾಷೆ ಮಾಡಿದರು. ಅದೇ ಮುಂದೆ ಎಸ್‌ಕ್ಯುಎಲ್ ಆಯಿತು. 1976ರಲ್ಲಿ ಪೀಟರ್ ಚೆನ್, ಟೇಬಲ್‌ಗೆ ಕೈಹಾಕುವ ಮೊದಲು ಲೋಕದಲ್ಲಿ ಯಾವ ವಸ್ತುಗಳಿವೆ, ಅವುಗಳ ನಡುವೆ ಯಾವ ಸಂಬಂಧಗಳಿವೆ ಎಂದು ಚಿತ್ರ ಬರೆಯಿರಿ ಎಂದರು. ಎರಡು ವರ್ಷ ಕಳೆದು, ಐಬಿಎಂನವರೇ ಆದ ವಿಲಿಯಂ ಕೆಂಟ್ ‘ಡೇಟಾ ಆಂಡ್ ರಿಯಾಲಿಟಿ’ ಎಂಬ ಪುಸ್ತಕ ಬರೆದು, ‘ಒಂದು ವಸ್ತು’ ಎಂದರೆ ಏನು ಎಂಬುದೇ ಇತ್ಯರ್ಥವಾಗಿಲ್ಲವಲ್ಲ ಎಂದು ಕಾಡಿದರು. ವಿದ್ಯಾರ್ಥಿಗಳು ಕಾಡ್ ಅವರನ್ನು ಪರೀಕ್ಷೆಗೆ ಓದುತ್ತಾರೆ. ಕೆಂಟ್ ಅವರನ್ನು ಯಾರೂ ಓದುವುದಿಲ್ಲ. ನನ್ನ ಕೇಳಿದರೆ ಎರಡನೆಯವರನ್ನೇ ಮೊದಲು ಓದಬೇಕು.

ಒಂದು ಪ್ರಶ್ನೆ ತೆಗೆದುಕೊಳ್ಳೋಣ: ‘ಕಾಪು ತಾಲೂಕಿನಲ್ಲಿ ಡಿಕ್ಲರೇಶನ್‌ನಿಂದ ಬಂದ ಜಾಗದಲ್ಲಿ ಹೆಂಗಸರ ಹೆಸರಲ್ಲಿ ಎಷ್ಟಿದೆ?’ ಈ ಸಭೆಯಲ್ಲಿ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ; ಹೊರಗಿನವರಿಗೆ ಇಷ್ಟು ಸಾಕು: ಗೇಣಿದಾರರು ಘೋಷಣೆ ಕೊಟ್ಟು ಭೂನ್ಯಾಯ ಮಂಡಳಿಯ ಆದೇಶದಿಂದ ಪಡೆದ ಜಾಗ, ಅದರ ಕತೆ ಮುಂದೆ ಬರುತ್ತದೆ. ಊಹೆಗೆ ನಾಲ್ಕು ಟೇಬಲ್‌ಗಳಿವೆ ಎಂದಿಟ್ಟುಕೊಳ್ಳಿ: ಗ್ರಾಮ, ಹಿಸ್ಸೆ, ಹಕ್ಕುದಾರ, ಮ್ಯುಟೇಶನ್. ಎಸ್‌ಕ್ಯುಎಲ್‌ನಲ್ಲಿ ಕೇಳುವವನು ಗ್ರಾಮದ ಸಂಕೇತವನ್ನು ಹಿಸ್ಸೆಯ ಟೇಬಲ್ಲಿನ ಸಂಕೇತಕ್ಕೆ ಜೋಡಿಸಬೇಕು, ಹಿಸ್ಸೆಯನ್ನು ಹಕ್ಕುದಾರನಿಗೆ ಜೋಡಿಸಬೇಕು, ಹಕ್ಕುದಾರನನ್ನು ಮ್ಯುಟೇಶನ್‌ಗೆ ಜೋಡಿಸಬೇಕು, ಆಮೇಲೆ ಮ್ಯುಟೇಶನ್ನಿನ ಬಗೆ ಭೂನ್ಯಾಯ ಮಂಡಳಿಯ ಆದೇಶವೇ ಎಂದು ಪರೀಕ್ಷಿಸಬೇಕು. ಒಂದು ಜೋಡಣೆ ತಪ್ಪಿದರೂ ಉತ್ತರ ಬರುತ್ತದೆ, ತಪ್ಪು ಉತ್ತರ. ಕಂಪ್ಯೂಟರ್ ದೂರುವುದಿಲ್ಲ. ಪರಿಕಲ್ಪನೆ ಆಧಾರಿತ ಭಾಷೆಗಳು ಇಲ್ಲಿ ಮೂಗು ತೂರಿಸುತ್ತವೆ: ಈ ಜೋಡಣೆಗಳನ್ನು ಒಮ್ಮೆ, ತಿಳಿದವರು, ಮಾದರಿಯಲ್ಲೇ ಬರೆದಿಡಲಿ, ಕೇಳುವವನು ‘ಜಾಗ’, ‘ಹಕ್ಕು’, ‘ಊರು’ ಎಂಬ ಮಾತುಗಳಲ್ಲೇ ಕೇಳಲಿ. ನೈಸೆನ್ ಎಂಬವರು 1970ರ ದಶಕದಲ್ಲಿ ಶುರುಮಾಡಿದ ಈ ಜಾಡಿನಲ್ಲಿ ಮಾದರಿ ಹುಟ್ಟುವುದೇ ಸಾದಾ ವಾಕ್ಯಗಳಿಂದ: ಈ ವ್ಯಕ್ತಿ ಈ ಹಿಸ್ಸೆಯ ಮೇಲೆ ಈ ಹಕ್ಕು ಹೊಂದಿದ್ದಾನೆ, ಈ ಹಿಸ್ಸೆ ಈ ಗ್ರಾಮದಲ್ಲಿದೆ. ಟೆರಿ ಹಾಲ್ಪಿನ್ ಮತ್ತು ಆಂಟನಿ ಬ್ಲೋಶ್ 1996ರಲ್ಲಿ ಪ್ರಕಟಿಸಿದ ‘ಕಾಂಕ್ವರ್’ ಎಂಬ ಪ್ರಶ್ನಾಭಾಷೆ ಅದೇ ವಾಕ್ಯಗಳ ಮೇಲೆ ನಡೆದು ಉತ್ತರಕ್ಕೆ ತಲುಪುತ್ತದೆ. ಟೇಬಲ್‌ಗಳನ್ನು ಜೋಡಿಸುವ ಕೆಲಸ ತೆರೆಮರೆಯಲ್ಲಿ ಆಗುತ್ತದೆ.

ಕೇಳಲು ಚೆನ್ನಾಗಿದೆ. ಆದರೆ ‘ತಿಳಿದವರು’ ಯಾರು?

ಸಣ್ಣ ಸಂಗತಿಯಿಂದ ಶುರುಮಾಡುತ್ತೇನೆ. ವಿಸ್ತೀರ್ಣದ ಕಾಲಂನಲ್ಲಿ 0.10 ಎಂದಿದೆ. ಇಲ್ಲಿ ಅದು ಹತ್ತು ಸೆಂಟ್ಸ್, ಅಂದರೆ 4,356 ಚದರ ಅಡಿ. ಅದೇ ಅಂಕಿ ಘಟ್ಟದ ಮೇಲೆ ಹತ್ತು ಗುಂಟೆ, 10,890 ಚದರ ಅಡಿ. ಎಕರೆಗೆ ನಮ್ಮಲ್ಲಿ ನೂರು ಸೆಂಟ್ಸ್, ಅವರಲ್ಲಿ ನಲವತ್ತು ಗುಂಟೆ. ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದು 1956ರಲ್ಲಿ ಈ ಕಡೆ ಬಂದವರು. ಅಲ್ಲಿಯ ದಾಖಲೆಗಳಾದ ಅಡಂಗಲ್ಲು, ಚಿಟ್ಟಾ ಬಿಟ್ಟು ಆರ್‌ಟಿಸಿಗೆ ಹೊಂದಿಕೊಂಡೆವು, ಸೆಂಟ್ಸನ್ನು ಮಾತ್ರ ಬಿಡಲಿಲ್ಲ. ಬೆಂಗಳೂರಿನಲ್ಲಿ ಕೂತು ಇಡೀ ರಾಜ್ಯದ ವಿಸ್ತೀರ್ಣ ಕೂಡಿಸುವ ಹುಡುಗನಿಗೆ ಇದು ಗೊತ್ತಿಲ್ಲದಿದ್ದರೆ ಕಾಲಂ ಒಂದೇ, ಕೂಡುವ ಆಜ್ಞೆಯೂ ಒಂದೇ, ಮೊತ್ತ ಮಾತ್ರ ಯಾವ ಲೋಕದ್ದೂ ಅಲ್ಲ. ಅಂಕಿಗೆ ಅಳತೆ ಅಂಟಿಕೊಂಡಿರಬೇಕು ಎಂಬುದು ಪರಿಕಲ್ಪನಾ ಮಾದರಿಯ ಮೊದಲ ಪಾಠ.

ಎರಡನೆಯದು ಗುರುತು. ನಮ್ಮ ಊರಿನಲ್ಲಿ ಹೆಸರಿನ ಮೊದಲು ನಂಬ್ರ ಹೊತ್ತ ಗ್ರಾಮಗಳಿರುವುದು ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತದೆ. 76 ಬಡಗಬೆಟ್ಟು ಪೇಟೆಯ ಕಡೆ, 80 ಬಡಗಬೆಟ್ಟು ಮಣಿಪಾಲದ ಕಡೆ. ಎರಡು ಊರಿಗೆ ಒಂದೇ ಹೆಸರಿದ್ದರೆ ಕಾಡ್ ಹೇಳಿದ ಕೀಲಿ ಬೇಕೇ ಬೇಕು. ನಮ್ಮ ಕಂದಾಯದವರು ಅದನ್ನು ಕಾಡ್ ಲೇಖನ ಬರೆಯುವ ಮೊದಲೇ ಊರಿನ ಹೆಸರಿಗೆ ಹೊಲಿದುಬಿಟ್ಟಿದ್ದರು. ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಬಸ್ ಕಂಡಕ್ಟರ್ ತನಕ ಎಲ್ಲರಿಗೂ ಅದು ಬಾಯಿಪಾಠ.

ಆದರೆ ಗುರುತು ವಿಳಾಸದೊಳಗೆ ಸೇರಿಕೊಂಡಾಗ ಇನ್ನೊಂದು ತೊಡಕು. ಒಂದು ಹಿಸ್ಸೆಯ ಪೂರ್ಣ ಗುರುತು ಎಂದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬ್ರ, ಹಿಸ್ಸೆ. 1997ರ ಆಗಸ್ಟಿನಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರೆಯಾಯಿತು. ಆಮೇಲೆ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಹೊಸ ತಾಲೂಕುಗಳಾದವು. ಕಾಪುವಿನ ಒಂದು ತೆಂಗಿನ ತೋಟ ಎಲ್ಲೂ ಕದಲದೆ ಒಂದು ಸಲ ಜಿಲ್ಲೆ ಬದಲಿಸಿತು, ಇನ್ನೊಂದು ಸಲ ತಾಲೂಕು. ತೋಟ ಅದೇ ತೋಟವೇ? ನೀವು ಹೌದು ಅನ್ನುತ್ತೀರಿ. ಹಳೆಯ ತಾಲೂಕಿನ ಸಂಕೇತದಲ್ಲಿ ಹುಡುಕಿದ ಕಂಪ್ಯೂಟರ್ ಇಲ್ಲ ಅನ್ನುತ್ತದೆ. ಸಿಂಡಿಕೇಟ್ ಬ್ಯಾಂಕಿನ ಗ್ರಾಹಕರಿಗೆ ಇದರ ಅನುಭವ ಆಗಿದೆ: 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು, 2021ರ ಜುಲೈಯಿಂದ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ನಡೆಯಲಿಲ್ಲ. ಶಾಖೆಯ ಬಾಗಿಲು ಇದ್ದಲ್ಲೇ ಇತ್ತು.

ಅಲೆಕ್ಸಾಂಡರ್ ಸಾವಿನೋವ್ ಎಂಬ ಸಂಶೋಧಕರು ಇದನ್ನೇ ತಮ್ಮ ‘ಕಾನ್ಸೆಪ್ಟ್ ಓರಿಯೆಂಟೆಡ್’ ಮಾದರಿಯ ಬುಡಕ್ಕಿಟ್ಟಿದ್ದಾರೆ. ಅವರ ಪ್ರಕಾರ ಪ್ರತಿ ವಸ್ತುವಿಗೂ ಎರಡು ಮುಖ: ಅದನ್ನು ಗುರುತಿಸುವ ಭಾಗ, ಗುರುತಿನ ಆಚೆ ಇರುವ ಅದರ ಗುಣಗಳ ಭಾಗ. ಅವರ ವಾದದಂತೆ ಉಳಿದ ಹೆಚ್ಚಿನ ಮಾದರಿಗಳು ಎರಡನೆಯದನ್ನೇ ಚಿತ್ರಿಸಿ, ಗುರುತನ್ನು ಯಂತ್ರದ ಪಾಲಿಗೆ ಬಿಟ್ಟುಬಿಡುತ್ತವೆ. ಅವರು ಎರಡನ್ನೂ ಸರಿಸಮವಾಗಿ ರೂಪಿಸಬೇಕು, ಗುರುತು ತನ್ನ ಮೇಲಿನದರ ಒಳಗೆ ಹೇಗೆ ಹೊಂದಿಕೊಂಡಿದೆ ಎಂಬುದೂ ಮಾದರಿಯಲ್ಲಿ ಕಾಣಬೇಕು ಎನ್ನುತ್ತಾರೆ. ಅವರ ಪ್ರಶ್ನಾಭಾಷೆಯಲ್ಲಿ ಜೋಡಣೆಯ ಮಾತೇ ಇಲ್ಲ. ಹಿಸ್ಸೆಯಿಂದ ಗ್ರಾಮಕ್ಕೆ ಏರಬಹುದು, ಗ್ರಾಮದಿಂದ ಅದರ ಎಲ್ಲ ಹಿಸ್ಸೆಗಳಿಗೆ ಇಳಿಯಬಹುದು, ಅಷ್ಟೆ.

ಉಡುಪಿಯಲ್ಲಿ ನಿಂತು ಇದನ್ನು ಹೇಳುವಾಗ ಒಂದು ಅಡ್ಡಮಾತು. ಪೋಡಿ ಮಾಡಿ ಒಂದು ನಂಬ್ರವನ್ನು ಮೂರು ಹಿಸ್ಸೆ ಮಾಡಿದರೆ, ಮೂಲ ನಂಬ್ರ ಇನ್ನೂ ಇದೆಯೇ ಅಥವಾ ಮೂರು ಹಿಸ್ಸೆಗಳಿಗೆ ಇಟ್ಟ ಒಟ್ಟು ಹೆಸರು ಮಾತ್ರವೇ? ಮಧ್ವ ಸಂಪ್ರದಾಯದವರು ಪದಾರ್ಥಗಳನ್ನು ಹತ್ತು ಎಂದು ಎಣಿಸುವಾಗ ದ್ರವ್ಯ, ಗುಣ, ಕರ್ಮಗಳ ಜೊತೆಗೆ ‘ಅಂಶಿ’ಯನ್ನೂ ಬೇರೆಯೇ ಪದಾರ್ಥವಾಗಿ ಎಣಿಸಿದರು. ಭಾಗಗಳೆಲ್ಲ ಸೇರಿದರೂ ಇಡೀ ಎಂಬುದು ಇನ್ನೊಂದು ಸಂಗತಿ ಎಂದು. ಅವರಿಗೂ ಡೇಟಾಬೇಸಿಗೂ ಸಂಬಂಧ ಕಲ್ಪಿಸುವ ಹುಮ್ಮಸ್ಸು ನನಗಿಲ್ಲ, ಈಚೆಗೆ ಅಂಥ ಹುಮ್ಮಸ್ಸು ಬೇಕಾದಷ್ಟು ಆಗಿದೆ. ಆದರೆ ರಥಬೀದಿಯಲ್ಲಿ ವಾಕ್ಯಾರ್ಥ ಕೇಳಿ ಬೆಳೆದವರಿಗೆ ಕೆಂಟ್ ಅವರ ಪುಸ್ತಕ ಕಷ್ಟವಾಗಲಾರದು.

ಇನ್ನು ನಮ್ಮ ಜಿಲ್ಲೆಯ ಅಸಲು ವಿಷಯಕ್ಕೆ ಬರುತ್ತೇನೆ. 1799ರಲ್ಲಿ ಥಾಮಸ್ ಮುನ್ರೋ ಕೆನರಾದ ಕಲೆಕ್ಟರಾಗಿ ಬಂದಾಗ ಇಲ್ಲಿ ಕಂಡ ಲೆಕ್ಕದ ಘಟಕ ವರ್ಗ. ಒಬ್ಬ ಹಿಡುವಳಿದಾರನ ಹೆಸರಿನಲ್ಲಿ ಒಂದು ಲೆಕ್ಕ. ಅದರಲ್ಲಿ ಇಲ್ಲೊಂದು ಬೈಲು ಗದ್ದೆ, ಅಲ್ಲೊಂದು ಮಜಲು, ಗುಡ್ಡದ ಬದಿಗೆ ಒಂದು ಬೆಟ್ಟು ಗದ್ದೆ ಚದುರಿ ಹೋಗಿರಬಹುದು. ತೀರ್ವೆ ವರ್ಗಕ್ಕೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮದ್ರಾಸ್ ಸರ್ಕಾರದ ಸರ್ವೆ ಬಂದು ನೆಲವನ್ನು ತುಂಡುತುಂಡಾಗಿ ಅಳೆದು ನಂಬ್ರ ಕೊಟ್ಟಿತು. ಅಲ್ಲಿಂದ ಲೆಕ್ಕದ ಘಟಕ ನೆಲ; ಮನುಷ್ಯ ಆ ನೆಲದ ಒಂದು ಕಾಲಂ. ಡೇಟಾಬೇಸಿನ ಭಾಷೆಯಲ್ಲಿ ಹೇಳುವುದಾದರೆ ಮೊದಲಿನದರಲ್ಲಿ ಹಿಡುವಳಿ ಕೀಲಿ, ಎರಡನೆಯದರಲ್ಲಿ ತುಂಡು ಕೀಲಿ. ಕಾಸರಗೋಡಿನಲ್ಲಿ ಜಾಗ ಇರುವವರು ಇಲ್ಲಿ ಕೆಲವರಾದರೂ ಇರಬಹುದು. ಅಲ್ಲಿ ಇವತ್ತಿಗೂ ಕೇರಳದ ತಂಡಪೇರು ನಂಬ್ರ ಕೇಳುತ್ತಾರೆ, ಅದು ಹಿಡುವಳಿದಾರನ ಲೆಕ್ಕದ ನಂಬ್ರ. ಒಂದೇ ತರವಾಡಿನ ಆಸ್ತಿ ತಲಪಾಡಿಯ ಆಚೆ ಒಂದು ಮಾದರಿಯಲ್ಲಿ, ಈಚೆ ಇನ್ನೊಂದರಲ್ಲಿ ದಾಖಲಾಗಿರುವುದುಂಟು.

ಈ ಬದಲಾವಣೆಯಲ್ಲಿ ಏನು ಕಳೆಯಿತು ಎಂದು ತಿಳಿಯಲು ಮೂಲಗೇಣಿ ಒಂದನ್ನೇ ನೋಡಿದರೆ ಸಾಕು. ಮೂಲವರ್ಗದಾರ ಒಬ್ಬ, ಅವನಿಗೆ ಎಂದೆಂದಿಗೂ ಏರದ ಗೇಣಿ ಕೊಟ್ಟು, ಜಾಗವನ್ನು ವಂಶಪಾರಂಪರ್ಯವಾಗಿ ಅನುಭವಿಸುವ ಮೂಲಗೇಣಿದಾರ ಇನ್ನೊಬ್ಬ, ಅವನ ಕೆಳಗೆ ಒಳಮೂಲಗೇಣಿದಾರ ಮತ್ತೊಬ್ಬ, ಎಲ್ಲರ ಕೆಳಗೆ ವರ್ಷವರ್ಷದ ಚಾಲಗೇಣಿಗೆ ನಿಜವಾಗಿ ಉಳುವವನು. ಜಾಗ ಯಾರದ್ದು ಎಂದರೆ ನಾಲ್ವರೂ ‘ನನ್ನದು’ ಅನ್ನುತ್ತಾರೆ, ಅವರವರ ಅರ್ಥದಲ್ಲಿ ನಾಲ್ವರೂ ಸುಳ್ಳು ಹೇಳುತ್ತಿಲ್ಲ. ಫಾರಂನಲ್ಲಿ ಸ್ವಾಧೀನದಾರರಿಗೆ ಇರುವುದು ಒಂದು ಕಾಲಂ. ಒಬ್ಬ ಒಂಬತ್ತರಲ್ಲಿ ಕೂತರೆ ಇನ್ನೊಬ್ಬ ಹನ್ನೊಂದಕ್ಕೆ ಸರಿಯಬೇಕು, ಕಟ್ಟಕಡೆಯವನು ಹೆಚ್ಚಿನ ಕಡೆ ಎಲ್ಲೂ ಇರಲಿಲ್ಲ.

ಹಾಗೆ ಇಲ್ಲದಿದ್ದುದರ ಬೆಲೆ 1974ರಲ್ಲಿ ಗೊತ್ತಾಯಿತು. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದು ಗೇಣಿಗೆ ಸಾಗುವಳಿ ಮಾಡುತ್ತಿದ್ದವನಿಗೆ ಒಡೆತನ. ಆದರೆ ಅಂದು ಯಾರು ಸಾಗುವಳಿ ಮಾಡುತ್ತಿದ್ದರು? ಬಾಯಿಮಾತಿನ ಗೇಣಿಗಳಿಗೆ ದಾಖಲೆಯಲ್ಲಿ ಉತ್ತರ ಇರಲಿಲ್ಲ. ಹಾಗಾಗಿ ಗೇಣಿದಾರನೇ ಬಂದು 7ನೇ ನಮೂನೆಯಲ್ಲಿ ಘೋಷಣೆ ಕೊಡಬೇಕಾಯಿತು, ಭೂನ್ಯಾಯ ಮಂಡಳಿ ಗೇಣಿಚೀಟು, ನೆರೆಕರೆಯವರ ಸಾಕ್ಷಿ ಇವನ್ನೆಲ್ಲ ತೂಗಬೇಕಾಯಿತು. ನಾವು ಇಂದಿಗೂ ‘ಡಿಕ್ಲರೇಶನ್ ಜಾಗ’ ಅನ್ನುವುದು ಅದಕ್ಕೇ. ಕಾನೂನು ಕೇಳಿದ ಪ್ರಶ್ನೆಗೆ ಸರ್ಕಾರದ ಸ್ವಂತ ದಾಖಲೆಯೇ ಉತ್ತರಿಸಲಾರದೆ ಹೋದಾಗ, ಪ್ರತಿಯೊಬ್ಬ ಪ್ರಜೆಯೂ ಹೋಗಿ ತನ್ನ ಸಾಲನ್ನು ತಾನೇ ತುಂಬಿದ ಅತಿ ದೊಡ್ಡ ಪ್ರಸಂಗ ಇದು ಎಂದು ನಾನು ಓದುತ್ತೇನೆ. ಪೇಟೆಯಲ್ಲಿ ಮನೆ, ಅಂಗಡಿ ಇದ್ದ ಮೂಲಗೇಣಿ ಜಾಗಗಳು ಆ ಕಾಯ್ದೆಯ ಹೊರಗುಳಿದವು. ಅವಕ್ಕಾಗಿ ಮೂಲಗೇಣಿ ಮತ್ತು ಒಳಮೂಲಗೇಣಿದಾರರಿಗೆ ಒಡೆತನ ಕೊಡುವ ಬೇರೆಯೇ ಕಾಯ್ದೆ, 2011ರದ್ದು, ಬರಬೇಕಾಯಿತು.

ಕುಮ್ಕಿ ಇದಕ್ಕಿಂತಲೂ ಚಮತ್ಕಾರದ್ದು. ವರ್ಗ ಜಾಗದ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಕೃಷಿಗೆ ಬೇಕಾದ ಮರಮಟ್ಟು ತೆಗೆಯುವ ಸವಲತ್ತು. 1964ರ ಭೂಕಂದಾಯ ಕಾಯ್ದೆ ಅದನ್ನು ಮುಂದುವರಿಸಿತು. ಕುಮ್ಕಿಗೆ ಸ್ವಂತ ಗಡಿಕಲ್ಲಿಲ್ಲ. ಅದು ಇರುವುದು ವರ್ಗ ಇರುವುದರಿಂದ. ಚೆನ್ ಅವರ ಚಿತ್ರದಲ್ಲಿ ಅದು ಪೆಟ್ಟಿಗೆಯಲ್ಲಿ ಬರುವುದಿಲ್ಲ, ಎರಡು ಪೆಟ್ಟಿಗೆಗಳ ನಡುವಿನ ಗೆರೆಯಲ್ಲಿ ಬರುತ್ತದೆ. ಎರಡು ವರ್ಗಗಳ ನಡುವೆ ನೂರೈವತ್ತು ಗಜ ಮಾತ್ರ ಇದ್ದರೆ ಮಧ್ಯದ ಐವತ್ತು ಗಜಕ್ಕೆ ಎರಡು ಗೆರೆಗಳು ಬಂದು ಸೇರುತ್ತವೆ. ಆ ಜಾಗದ ಆರ್‌ಟಿಸಿ ತೆಗೆದರೆ ‘ಸರ್ಕಾರ’ ಎಂದು ಬರುತ್ತದೆ; ಅದು ನಿಜವೇ, ಆದರೆ ಪಕ್ಕದ ಮನೆಯವರು ಅದರ ಬಗ್ಗೆ ಕೋರ್ಟಿಗೆ ಏಕೆ ಹೋಗಿದ್ದಾರೆ ಎಂಬುದು ಆ ನಿಜದಿಂದ ತಿಳಿಯುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ: ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿಯ, ಕವರು. ಇಲ್ಲಿ ಬಂಟರು, ಬಿಲ್ಲವರು, ಮೊಗವೀರರು ಇದ್ದೀರಿ, ನಿಮಗೆ ನಾನು ಹೇಳಿಕೊಡಬೇಕಿಲ್ಲ; ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರನ್ನು ಹೀಗೆ ಗುರುತಿಸುತ್ತದೆ: ಒಬ್ಬ ಹೆಂಗಸು, ಆಕೆಯ ಮಕ್ಕಳು, ಮತ್ತು ಹೆಣ್ಣಿನ ಕಡೆಯಿಂದ ಇಳಿದ ಆಕೆಯ ಎಲ್ಲ ಸಂತತಿ. ಮಗ ಕವರಿನಲ್ಲಿದ್ದಾನೆ, ಮಗನ ಮಕ್ಕಳು ಇಲ್ಲ. ಅವರು ಅವರ ತಾಯಿಯ ಕವರಿನಲ್ಲಿ. ಮಗಳು ಇದ್ದಾಳೆ, ಮಗಳ ಮಕ್ಕಳೂ ಇದ್ದಾರೆ.

ಈಗ ಇದನ್ನು ಪ್ರಶ್ನೆಯಾಗಿ ಕೇಳಿ. ಅಜ್ಜಿಯಿಂದ ಹೊರಡಿ, ಆಕೆಯ ಮಕ್ಕಳನ್ನು ತನ್ನಿ. ಅವರಲ್ಲಿ ಹೆಣ್ಣಾದವರ ಮಕ್ಕಳನ್ನು ತನ್ನಿ. ಅವರಲ್ಲಿ ಹೆಣ್ಣಾದವರ ಮಕ್ಕಳನ್ನು ತನ್ನಿ. ಇನ್ನು ಯಾರೂ ಸಿಗದ ತನಕ. ಒಂದೊಂದು ತಲೆಮಾರಿಗೆ ಒಂದೊಂದು ಜೋಡಣೆ. ಎಷ್ಟು ತಲೆಮಾರು ಎಂದು ಮೊದಲೇ ಗೊತ್ತಿಲ್ಲ. ಟೇಬಲ್‌ಗಳನ್ನು ಜೋಡಿಸಲು ಕಾಡ್ ಕಟ್ಟಿದ ಮೂಲ ಬೀಜಗಣಿತದಲ್ಲಿ ಈ ಪ್ರಶ್ನೆಯನ್ನು ಕೇಳುವುದು ಸಾಧ್ಯವೇ ಇಲ್ಲ ಎಂದು 1979ರಲ್ಲಿ ಆಲ್ಫ್ರೆಡ್ ಅಹೋ ಮತ್ತು ಜೆಫ್ರಿ ಉಲ್‌ಮನ್ ಸಾಧಿಸಿ ತೋರಿಸಿದರು. ಅವರ ಮುಂದಿದ್ದ ಉದಾಹರಣೆ ನಮ್ಮದಲ್ಲ, ಆದರೆ ಪ್ರಶ್ನೆಯ ಆಕಾರ ಇದೇ. ಎಸ್‌ಕ್ಯುಎಲ್ ಮಾನಕದೊಳಗೆ ಇಂಥ ಮರುಕಳಿಸುವ ಪ್ರಶ್ನೆಗೆ ಸೌಲಭ್ಯ ಬಂದದ್ದು 1999ರಲ್ಲಿ. ಕುಟುಂಬದ ತಂಬಿಲದ ಸೇವೆಗೆ ಸೇರಿದ ಹಿರಿಯರೊಬ್ಬರು ‘ಯಾವ ಕವರು?’ ಎಂದು ಒಂದೇ ಮಾತಿನಲ್ಲಿ ಕೇಳಿ ಮುಗಿಸುವುದನ್ನು, ಹುಟ್ಟಿ ಕಾಲು ಶತಮಾನ ಆಗುವವರೆಗೂ ಆ ಭಾಷೆಯ ಮಾನಕ ಕೇಳಲಾರದೆ ಇತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಕಾಯ್ದೆ ಕವರುಗಳಲ್ಲಿ ಸಂತತಿ ಕವರು, ನಿಸ್ಸಂತತಿ ಕವರು ಎಂದು ಎರಡು ಮಾಡಿತು. ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ. ಪಾಲಿನಲ್ಲಿ ಸಿಗುವ ಹಕ್ಕಿನ ಸ್ವರೂಪವೇ ಇದರ ಮೇಲೆ ಬದಲಾಗುತ್ತಿತ್ತು. ಅಂದರೆ ಯಾವ ಸಾಲನ್ನೂ ಯಾರೂ ತಿದ್ದದೆ, ಬರಿಯ ಒಂದು ಹುಟ್ಟುಹಬ್ಬದಿಂದ ಇಡೀ ಕವರಿನ ವರ್ಗೀಕರಣ ಬದಲಾಗಬಹುದು. ಇದನ್ನು ಕಾಲಂನಲ್ಲಿ ಬರೆದಿಟ್ಟರೆ ಒಂದು ದಿನ ಅದು ತಪ್ಪಾಗುತ್ತದೆ. ಪ್ರಶ್ನೆ ಕೇಳಿದ ದಿನಾಂಕಕ್ಕೆ ಸರಿಯಾಗಿ ಲೆಕ್ಕ ಹಾಕಿಯೇ ತೆಗೆಯಬೇಕು. ಇಂಥ ಹುಟ್ಟಿಸಿ ತೆಗೆಯುವ ಪರಿಕಲ್ಪನೆಗಳಿಗೆ ಮಾದರಿಯಲ್ಲಿ ಜಾಗ ಇರಬೇಕು ಎಂಬುದಕ್ಕೆ ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಇದರ ವ್ಯಾಪ್ತಿ ಕುಗ್ಗಿತು, ಸರಿ. ಆದರೆ ಹಳೆಯ ವಿಭಾಗಪತ್ರಗಳನ್ನು ಓದುವ ವಕೀಲರಿಗೆ ಅದು ಇನ್ನೂ ಜೀವಂತ.

ಇನ್ನು ಆರ್‌ಟಿಸಿಯಲ್ಲಿ ಹೆಸರು ಹೇಗೆ ಬರುತ್ತದೆ? ಇಂಥವರು ಬಿನ್ ಇಂಥವರು, ಅಥವಾ ಕೋಂ ಇಂಥವರು. ಮಗ ಅಥವಾ ಹೆಂಡತಿ. ತಾಯಿಯ ಹೆಸರಿಗೆ ಜಾಗವಿಲ್ಲ. ಹಾಗಾಗಿ 1999ರ ಸೌಲಭ್ಯವನ್ನು ಕೊಟ್ಟರೂ ನಮ್ಮ ದಾಖಲೆಯ ಮೇಲೆ ಕವರಿನ ಪ್ರಶ್ನೆ ನಡೆಯುವುದಿಲ್ಲ. ಏರಿ ಇಳಿಯಬೇಕಾದ ಮೆಟ್ಟಿಲೇ ಅಲ್ಲಿಲ್ಲ. ತಾಯಿಯಿಂದ ಆಸ್ತಿ ಇಳಿದು ಬಂದ ಜಿಲ್ಲೆಯ ಭೂದಾಖಲೆ ತಾಯಿಯನ್ನು ಕೇಳುವುದೇ ಇಲ್ಲ. ಇದಕ್ಕೆ ಯಾರ ಕುತಂತ್ರವೂ ಕಾರಣವಲ್ಲ. ಬೇರೆ ಕಡೆಗೆ ಹೊಂದುವ ಫಾರಂ ಇಲ್ಲಿಗೂ ಬಂತು, ಆಮೇಲೆ ಫಾರಂ ಸಾಫ್ಟ್‌ವೇರ್ ಆಯಿತು.

ಈಚಿನ ವರ್ಷಗಳಲ್ಲಿ ಮನುಷ್ಯನನ್ನು ವಸ್ತುವಾಗಿ ಕಾಣುವ ಕ್ರಮ ನಿಧಾನವಾಗಿ ಬರುತ್ತಿದೆ. ಕರ್ನಾಟಕದ ಫ್ರೂಟ್ಸ್ ತಂತ್ರಾಂಶ ಪ್ರತಿ ರೈತನಿಗೆ ಒಂದು ಸಂಖ್ಯೆ ಕೊಟ್ಟು ಅವನ ಜಾಗಗಳನ್ನು ಅದಕ್ಕೆ ಕಟ್ಟಿತು. ಆರ್‌ಟಿಸಿಗೆ ಆಧಾರ್ ಜೋಡಿಸುವ ಕೆಲಸವೂ ನಡೆದಿದೆ. ನೋಂದಣಿಗೆ ಕಾವೇರಿ, ಸರ್ವೆಗೆ ಮೋಜಿಣಿ, ಪಂಚಾಯತಿನ ಮನೆಗಳಿಗೆ ಇ-ಸ್ವತ್ತು ಎಂದು ಒಂದೊಂದಕ್ಕೂ ಒಂದೊಂದು ಇದೆ. ಒಂದೇ ಐದು ಸೆಂಟ್ಸ್ ಜಾಗ ಒಂದರಲ್ಲಿ ಹಿಸ್ಸೆ, ಇನ್ನೊಂದರಲ್ಲಿ ಕ್ರಯಪತ್ರದ ಷೆಡ್ಯೂಲು, ಮತ್ತೊಂದರಲ್ಲಿ ನಕ್ಷೆಯ ತುಂಡು, ನಾಲ್ಕನೆಯದರಲ್ಲಿ ಸ್ವತ್ತಿನ ಸಂಖ್ಯೆ. ಇವನ್ನೆಲ್ಲ ಒಂದೇ ಟೇಬಲ್ಲಿಗೆ ಸುರಿಯುವ ಆಸೆ ಆಗಾಗ ಕಾಣುತ್ತದೆ. ಅದು ಬೇಡ. ಅವುಗಳ ಮೇಲೆ ಪರಿಕಲ್ಪನೆಯ ಒಂದು ಪದರ ಇರಲಿ, ಪ್ರಶ್ನೆ ಅದಕ್ಕೆ ಬೀಳಲಿ, ಅದು ಕೆಳಗಿನ ನಾಲ್ಕಕ್ಕೂ ಹೋಗಿ ಉತ್ತರ ತರಲಿ ಎಂಬುದು ಈಗ ಜಗತ್ತಿನಲ್ಲಿ ಬಳಕೆಯಲ್ಲಿರುವ ಕ್ರಮ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಲೇಬೇಕು, ಏಕೆಂದರೆ ಈ ಕ್ರಮದ ವಕೀಲರು ಇದನ್ನು ಮೆಲ್ಲಗೆ ದಾಟಿಸಿಬಿಡುತ್ತಾರೆ. ‘ಇವರ ಜಾಗ ತೋರಿಸು’ ಎಂದು ಕೇಳಿದೆವು. ವ್ಯಕ್ತಿಯಿಂದ ಜಾಗಕ್ಕೆ ದಾರಿ ಒಂದೇ ಅಲ್ಲ: ಒಡೆತನದ ದಾರಿ, ಗೇಣಿಯ ದಾರಿ, ಅಡವಿನ ದಾರಿ, ಸಾಗುವಳಿಯ ದಾರಿ, ಪೌತಿಯಾಗದೆ, ಅಂದರೆ ವಾರಸುದಾರರಿಗೆ ಬದಲಾಗದೆ, ಉಳಿದ ಅಜ್ಜನ ಹೆಸರಿನ ದಾರಿ. ಎಸ್‌ಕ್ಯುಎಲ್‌ನಲ್ಲಿ ಕೇಳುವವನು ಕಷ್ಟಪಟ್ಟಾದರೂ ಯಾವ ದಾರಿ ಎಂದು ಬರೆಯಲೇಬೇಕಿತ್ತು. ಹೊಸ ಭಾಷೆಗಳಲ್ಲಿ ಕೆಲವು ಕಷ್ಟ ತಪ್ಪಿಸುವಾಗ ಆಯ್ಕೆಯನ್ನೂ ನಮ್ಮ ಕೈಯಿಂದ ತೆಗೆದುಕೊಂಡುಬಿಡುತ್ತವೆ. ಹತ್ತಿರದ ದಾರಿ ಹಿಡಿದು ಉತ್ತರ ತಂದು, ಯಾವ ದಾರಿಯಲ್ಲಿ ಹೋದೆ ಎಂದು ಹೇಳುವುದಿಲ್ಲ. ಈಗ ಕನ್ನಡದಲ್ಲೇ ಕೇಳಿದರೆ ಎಸ್‌ಕ್ಯುಎಲ್ ಬರೆದುಕೊಡುವ ಎಐಗಳೂ ಬಂದಿವೆ. ಅವಕ್ಕೆ ಮೂಲಗೇಣಿ ಎಂದರೆ ಬರಿಯ ಬಾಡಿಗೆ ಎಂದು ಅನಿಸಿದರೆ ಆಶ್ಚರ್ಯವಿಲ್ಲ; ಮಾದರಿಯಲ್ಲಿ ಅದನ್ನು ಯಾರೂ ಬೇರೆ ಎಂದು ಬರೆದಿಟ್ಟಿಲ್ಲವಲ್ಲ. ಹಾಗಾಗಿ ಇಂಥ ಯಾವ ವ್ಯವಸ್ಥೆಯಾದರೂ ಉತ್ತರದ ಜೊತೆಗೆ ‘ನಾನು ಒಡೆತನ ಎಂದು ಅರ್ಥ ಮಾಡಿಕೊಂಡೆ, ಗೇಣಿಯನ್ನು ಸೇರಿಸಿಲ್ಲ’ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಬೇಕು ಎಂಬುದು ನನ್ನ ಹಟ. ಆ ಒಂದು ಸಾಲಿಗೆ ಸಾವಿರ ಸಾಲಿನ ಕೆಲಸ ಇದೆ ಎಂದು ಎಂಜಿನಿಯರುಗಳು ಗೊಣಗಬಹುದು. ಗೊಣಗಲಿ.

ಮಣಿಪಾಲದ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಪ್ರಾಜೆಕ್ಟಿಗೆ ಮತ್ತೊಂದು ಗ್ರಂಥಾಲಯದ ಡೇಟಾಬೇಸ್ ಮಾಡಬೇಡಿ. ಕಾರ್ಕಳ ಕಡೆಯ ಯಾವುದಾದರೂ ಒಂದು ಗ್ರಾಮ ತೆಗೆದುಕೊಳ್ಳಿ. ಅಲ್ಲಿಯ ಗ್ರಾಮ ಆಡಳಿತ ಅಧಿಕಾರಿ, ಒಬ್ಬ ವಕೀಲರು, ಒಬ್ಬ ಹಳೆಯ ಗೇಣಿದಾರರು, ಒಬ್ಬ ಗುತ್ತಿನ ಮನೆಯವರು, ಸೊಸೈಟಿಯ ಸಾಲದ ಗುಮಾಸ್ತರು, ಇವರನ್ನು ಬೇರೆ ಬೇರೆಯಾಗಿ ಕಂಡು ಜಾಗದ ಬಗ್ಗೆ ಅವರಿಗೆ ದಿನವೂ ಎದುರಾಗುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ. ಟೇಬಲ್ ಬರೆಯುವುದು ಆಮೇಲೆ. ಯಾವ ಪ್ರಶ್ನೆಗೆ ಇಂದಿನ ಆರ್‌ಟಿಸಿ ಉತ್ತರಿಸುತ್ತದೆ, ಯಾವುದಕ್ಕೆ ಇಲ್ಲ ಎಂದು ಎದುರಿಗೆ ಗುರುತು ಹಾಕಿ, ಆ ಪಟ್ಟಿಯನ್ನು ಇಲ್ಲೇ, ಇದೇ ಸಭಾಂಗಣದಲ್ಲಿ ಓದಿ. ದತ್ತಿಯವರು ಬೇಡ ಅನ್ನಲಾರರು. ಸಭೆಯಲ್ಲಿ ವಕೀಲರು ಹಲವರಿದ್ದೀರಿ. ಕುಮ್ಕಿಯ ವಿಷಯದಲ್ಲಿ ನಾನು ಹೇಳಿದ್ದಕ್ಕೆ ಆಕ್ಷೇಪ ಇದ್ದೇ ಇರುತ್ತದೆ ಎಂದು ಗೊತ್ತು. ಅಧ್ಯಕ್ಷರು ಅನುಮತಿ ಕೊಟ್ಟರೆ ಅದನ್ನೇ ಮೊದಲು ತೆಗೆದುಕೊಳ್ಳೋಣ.